ನಡುಗನ್ನಡದ ಓದು, ನಡುಮನೆಯ ಮಗು: ಲೆಕ್ಕ ತಪ್ಪಿದ್ದೆಲ್ಲಿ?

ಹಸ್ತಪ್ರತಿ ವಿಭಾಗದ ಬಾಗಿಲು ತೆರೆಯುತ್ತಿದ್ದದ್ದು ಬೆಳಿಗ್ಗೆ ಹತ್ತಕ್ಕೆ. ಮಗಳ ನರ್ಸರಿ ಬಿಡುತ್ತಿದ್ದದ್ದು ಹನ್ನೆರಡೂವರೆಗೆ. ನಡುವೆ ಎರಡೂವರೆ ಗಂಟೆ. ಅದರಲ್ಲಿ ಬಸ್ಸಿನ ಓಡಾಟಕ್ಕೆ ಒಂದು ಗಂಟೆ ಹೋಯಿತು. ಚೀಟಿ ಬರೆದು, ಸಹಿ ಹಾಕಿಸಿ, ತಾಳೆಗರಿಯ ಕಟ್ಟು ಮೇಜಿಗೆ ಬರುವಷ್ಟರಲ್ಲಿ ಇನ್ನರ್ಧ ಗಂಟೆ. ಉಳಿಯುವುದು ಒಂದು ಗಂಟೆ. ಅದರಲ್ಲೂ ಪ್ರತಿ ಮಾಡಿದವನ ಕೈಬರಹಕ್ಕೆ ಕಣ್ಣು ಒಗ್ಗಲು ಕಾಲು ಗಂಟೆ ಬೇಕು. 2022–23ರ ಇಡೀ ವರ್ಷ ನನ್ನ ಸಂಶೋಧನೆ ನಡೆದದ್ದು ಈ ಮುಕ್ಕಾಲು ಗಂಟೆಯಲ್ಲಿ, ಅದೂ ವಾರಕ್ಕೆ ಎರಡೇ ದಿನ, ಮಗುವಿಗೆ ಜ್ವರ ಬಂದಿಲ್ಲದಿದ್ದರೆ. ಉಳಿದ ದಿನ ತಾಲ್ಲೂಕು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ. ಆ ದಿನಗಳಲ್ಲಿ ಮಗಳನ್ನು ಕರೆತರುತ್ತಿದ್ದವರು ನಮ್ಮತ್ತೆ, ಮಂಡಿ ನೋವಿದ್ದರೂ.

"ಮಗು ಇಟ್ಕೊಂಡು ಪಿಎಚ್‌ಡಿ ಹೇಗೆ ಮಾಡಿದ್ರಿ?" ಅಂತ ಈಗ ತುಂಬ ಜನ ಕೇಳುತ್ತಾರೆ. ಕೇಳಿದವರೇ ಉತ್ತರವನ್ನೂ ಹೇಳುತ್ತಾರೆ: ಬೇಗ ಏಳಬೇಕು, ಟೈಮ್‌ಟೇಬಲ್ ಹಾಕಿಕೊಳ್ಳಬೇಕು, ಮನಸ್ಸು ಗಟ್ಟಿ ಇರಬೇಕು. ನಾನೂ ನಾಲ್ಕೂವರೆಗೆ ಎದ್ದಿದ್ದೇನೆ. ಆದರೆ ನಾಲ್ಕೂವರೆಗೆ ಹಸ್ತಪ್ರತಿ ವಿಭಾಗ ತೆರೆದಿರುವುದಿಲ್ಲ ಅಲ್ವಾ? ಅದಕ್ಕೇ ಇಲ್ಲಿ ಮನಸ್ಸಿನ ಗಟ್ಟಿತನ ಬಿಟ್ಟು ನಿಯಮಗಳ ಕಡೆ ನೋಡೋಣ. ನಮ್ಮ ವ್ಯವಸ್ಥೆ ತಾಯಂದಿರಿಗೆ ಏನೂ ಕೊಟ್ಟಿಲ್ಲ ಅಂತ ನಾನು ಹೇಳುವುದಿಲ್ಲ. ಕೊಟ್ಟಿದೆ. ಆದರೆ ಕೊಟ್ಟದ್ದರಲ್ಲಿ ಬಹುಪಾಲು, ಕೆಲಸ ಕಾಯಂ ಆದವರಿಗೆ. ನಮ್ಮಂಥವರ ಮಕ್ಕಳು ಹುಟ್ಟಿ, ನಡೆದು, ಶಾಲೆಗೆ ಸೇರುವುದು ಅದಕ್ಕಿಂತ ಎಷ್ಟೋ ಮುಂಚೆ.

ಮೊದಲು ನನ್ನ ಓದಿನ ಬಗ್ಗೆ ಎರಡು ಮಾತು. ನಾನು ಕೆಲಸ ಮಾಡುವುದು ಚಿಕ್ಕದೇವರಾಜ ಒಡೆಯರ ಕಾಲದ, ಅಂದರೆ 1673ರಿಂದ 1704ರವರೆಗಿನ ಮೈಸೂರು ಆಸ್ಥಾನದ ಸಾಹಿತ್ಯದ ಮೇಲೆ. ಇಂಗ್ಲಿಷ್ ವಿಭಾಗದ ಗೆಳತಿಯರು ಈ ಕಾಲವನ್ನು ಆರಂಭಿಕ ಆಧುನಿಕ ಕಾಲ ಅನ್ನುತ್ತಾರೆ, ಅವರಿಗೆ ಅದು ಶೇಕ್ಸ್‌ಪಿಯರ್ ಮತ್ತು ಮಿಲ್ಟನ್. ನಮಗೆ ಇದು ನಡುಗನ್ನಡದ ಕೊನೆಯ ಭಾಗ. ಅದಕ್ಕೂ ಹಿಂದೆ ರತ್ನಾಕರವರ್ಣಿ ಮತ್ತು ಹರಿದಾಸರು, ನಂತರ ಹೆಳವನಕಟ್ಟೆ ಗಿರಿಯಮ್ಮ, ನಡುವೆ ನನ್ನ ಸಂಚಿಯ ಹೊನ್ನಮ್ಮ. ಯಳಂದೂರಿನವಳು, ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುವ ಊಳಿಗದವಳು, 'ಹದಿಬದೆಯ ಧರ್ಮ' ಬರೆದವಳು.

ಈ ಓದಿಗೆ ಬೇಕಾದ ಸಮಯ ಬೇರೆ ಥರದ್ದು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಳೆಗರಿಯಲ್ಲಿ ಪದಪದಗಳ ನಡುವೆ ಜಾಗ ಬಿಡುವ ರೂಢಿ ಇಲ್ಲ. ಸಾಲು ಉದ್ದಕ್ಕೆ ಹರಿಯುತ್ತದೆ. ಪದ್ಯ ಎಲ್ಲಿ ಮುಗಿಯಿತು ಅನ್ನುವುದನ್ನು ಛಂದಸ್ಸಿನ ಕಿವಿಯಿಂದಲೇ ಹಿಡಿಯಬೇಕು. ಎಲ್ಲೋ ಹುಳು ತಿಂದ ತೂತು, ಎಲ್ಲೋ ಮಾಸಿದ ಅಕ್ಷರ. ಒಂದು ಪ್ರತಿಯಲ್ಲಿ ಒಂದು ಪದ, ಇನ್ನೊಂದರಲ್ಲಿ ಇನ್ನೊಂದು, ಮೂರನೆಯದರಲ್ಲಿ ಆ ಗರಿಯೇ ಇಲ್ಲ. ಮೂರನ್ನೂ ತಲೆಯಲ್ಲಿ ಒಟ್ಟಿಗೆ ಹಿಡಿದುಕೊಂಡು, ಇದು ಕವಿಯದ್ದೋ ಪ್ರತಿ ಮಾಡಿದವನ ಕೈತಪ್ಪೋ ಅಂತ ತೂಗಿ ನೋಡುವಾಗ ಫೋನ್ ಬಂದರೆ, ಮಗುವನ್ನು ಕರೆತಂದು ಉಣಿಸಿ ಮಲಗಿಸಿ ಮತ್ತೆ ಕೂತಾಗ ಬಿಟ್ಟಲ್ಲಿಂದ ಶುರು ಮಾಡಲು ಆಗುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು. ದಿನಕ್ಕೆ ಒಂದೊಂದು ಗಂಟೆಯಂತೆ ನಾಲ್ಕು ದಿನ ಸಿಕ್ಕರೂ ಅದು ಒಂದೇ ದಿನದ ನಾಲ್ಕು ಗಂಟೆಗೆ ಸಮ ಅಲ್ಲ. ಟಿಪ್ಪಣಿ ಮಾಡುವುದು, ಸೂಚಿ ಹಾಕುವುದು, ಟೈಪ್ ಮಾಡುವುದು, ಇದೆಲ್ಲ ತುಂಡು ಸಮಯದಲ್ಲಿ ಆಗುತ್ತದೆ. ಪಾಠ ನಿರ್ಣಯ, ಅಂದರೆ ಕವಿ ಬರೆದ ಪದ ಯಾವುದು ಅಂತ ತೀರ್ಮಾನಿಸುವುದು, ಮಾತ್ರ ಆಗುವುದಿಲ್ಲ.

ಮಗು ತೆಗೆದುಕೊಳ್ಳುವುದು ಇಡಿಯಾದ ಸಮಯವನ್ನು. ತುಂಡು ಸಮಯ ಅದು ಬಿಟ್ಟುಕೊಡುತ್ತದೆ, ಬೇಕಾದಷ್ಟು.

ಈಗ ನಿಯಮಕ್ಕೆ ಬರೋಣ. ನಾನು ನೋಂದಣಿ ಮಾಡಿಸಿದ್ದು 2017ರಲ್ಲಿ. ಆಗ ಇದ್ದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮಾವಳಿ. ಪಿಎಚ್‌ಡಿಗೆ ಗರಿಷ್ಠ 6 ವರ್ಷ, ಮಹಿಳೆಯರಿಗೆ ಇನ್ನೂ 2 ವರ್ಷ ಸಡಿಲಿಕೆ. ಜೊತೆಗೆ ಇಡೀ ಅವಧಿಯಲ್ಲಿ ಒಮ್ಮೆ 240 ದಿನದವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ. 2022ರ ಹೊಸ ನಿಯಮಾವಳಿ ಇದನ್ನು ಇನ್ನಷ್ಟು ಹಿಗ್ಗಿಸಿತು. ಮರುನೋಂದಣಿ ಸೇರಿ ಮಹಿಳೆಯರು ಒಟ್ಟು 10 ವರ್ಷದವರೆಗೆ ತೆಗೆದುಕೊಳ್ಳಬಹುದು. ಸಲ್ಲಿಕೆಗೆ ಮುಂಚೆ ಲೇಖನ ಪ್ರಕಟವಾಗಿರಲೇಬೇಕು ಅನ್ನುವ ಕಡ್ಡಾಯವೂ ಹೋಯಿತು. ಇದು ನಿಜವಾದ ಉಪಕಾರ, ಸುಮ್ನೆ ಹೇಳುತ್ತಿಲ್ಲ. ಆ ಎರಡು ವರ್ಷ ಇಲ್ಲದಿದ್ದರೆ ನನ್ನ ಪ್ರಬಂಧ ಇವತ್ತಿಗೂ ಕಪಾಟಿನಲ್ಲಿ ಇರುತ್ತಿತ್ತು.

ಆದರೆ ಗಮನಿಸಿ, ಇಲ್ಲಿ ಸಿಕ್ಕಿದ್ದು ಗಡುವಿನ ವಿಸ್ತರಣೆ. ಆ ವರ್ಷಗಳಲ್ಲಿ ಊಟ ಹಾಕುವವರು ಯಾರು? ಜೆಆರ್‌ಎಫ್, ಅಂದರೆ ಯುಜಿಸಿಯ ಸಂಶೋಧನಾ ಫೆಲೋಶಿಪ್, ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ನಂತರ 42,000. ಅದು ಐದು ವರ್ಷಕ್ಕೆ ನಿಲ್ಲುತ್ತದೆ. ಅಂದರೆ ಪ್ರಬಂಧಕ್ಕೆ ಹತ್ತು ವರ್ಷ ಅವಕಾಶ, ಹಣಕ್ಕೆ ಐದೇ ವರ್ಷ. ಜೆಆರ್‌ಎಫ್ ಇಲ್ಲದವರ ಪಾಡು ಕೇಳುವುದೇ ಬೇಡ. ಮಾನವಿಕ ವಿಭಾಗಗಳಲ್ಲಿ ಅಂಥವರು ತುಂಬ ಜನ, ನಾನೂ ಅವರಲ್ಲಿ ಒಬ್ಬಳು.

ಹಾಗಾಗಿ ಅತಿಥಿ ಉಪನ್ಯಾಸ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗವನ್ನು ಹೊತ್ತಿರುವವರು ಇವರೇ. 2022ರಲ್ಲಿ ಸರ್ಕಾರ ಗೌರವಧನ ಏರಿಸಿ, ಅರ್ಹತೆ ಮತ್ತು ಐದು ವರ್ಷದ ಅನುಭವ ಎರಡೂ ಇರುವವರಿಗೆ 32,000 ರೂಪಾಯಿವರೆಗೆ ಕೊಟ್ಟಿತು, ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಿತು. ಮೊದಲಿಗಿಂತ ಎಷ್ಟೋ ವಾಸಿ. ಆದರೂ ಕೆಲಸ ವರ್ಷಪೂರ್ತಿ ಇಲ್ಲ, ಪ್ರತಿ ವರ್ಷ ಹೊಸದಾಗಿ ಕಾಲೇಜು ಹಂಚುವ ಕೌನ್ಸೆಲಿಂಗ್. 2019ರಲ್ಲಿ ನಾನು ಏಳು ತಿಂಗಳ ಬಸುರಿ, ಪ್ರಾಂಶುಪಾಲರ ಕೋಣೆಗೆ ಹೋಗಿ ರಜೆ ಕೇಳಿದೆ. ಅವರು ಒಳ್ಳೆಯವರೇ, ಕೂರಿಸಿ ನೀರು ಕೊಡಿಸಿದರು. "ಮೇಡಂ, ನಿಮಗೆ ರಜೆ ಅಂತ ಹಾಕೋಕೆ ನನ್ನ ಹತ್ರ ಕಾಲಮ್ಮೇ ಇಲ್ಲ. ಆರೋಗ್ಯ ನೋಡ್ಕೊಳ್ಳಿ. ಮುಂದೆ ಕಾರ್ಯಭಾರ ಉಳಿದಿದ್ರೆ ನಿಮ್ಮನ್ನೇ ಕರೀತೀನಿ" ಅಂದರು. ಹಾಜರಿ ಪುಸ್ತಕ ತೆರೆದು ತೋರಿಸಿದರು ಕೂಡ. ಕಾಯಂ ಅಧ್ಯಾಪಕರ ಪುಟದಲ್ಲಿ ರಜೆಗೆ ನಾಲ್ಕೈದು ಕಾಲಮ್, ನಮ್ಮ ಪುಟದಲ್ಲಿ ತರಗತಿಗಳ ಸಂಖ್ಯೆ ಬರೆಯುವ ಒಂದೇ ಕಾಲಮ್.

ಆ ಒಂದು ಕಾಲಮ್ಮನ್ನು ನಾನು ಮರೆತಿಲ್ಲ. ಕಾಯಂ ಅಧ್ಯಾಪಕಿಗೆ ಯುಜಿಸಿಯ 2018ರ ನಿಯಮದಂತೆ 180 ದಿನ ಪೂರ್ತಿ ಸಂಬಳದ ಹೆರಿಗೆ ರಜೆ ಉಂಟು. ಕೇಂದ್ರದ ನೌಕರಳಾದರೆ ಮಕ್ಕಳನ್ನು ನೋಡಿಕೊಳ್ಳಲು ಇಡೀ ಸೇವಾವಧಿಯಲ್ಲಿ 730 ದಿನ. ನಮ್ಮ ರಾಜ್ಯ ಸರ್ಕಾರವೂ 2021ರಲ್ಲಿ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಕೊಟ್ಟಿತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 26 ವಾರ ರಜೆ ಕೊಟ್ಟಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂದಿತು. ಎಲ್ಲದರಲ್ಲೂ ಇರುವ ಪದ 'ನೌಕರಳು'. ಸಂಶೋಧನಾ ವಿದ್ಯಾರ್ಥಿನಿ ನೌಕರಳಲ್ಲ. ಅತಿಥಿ ಉಪನ್ಯಾಸಕಿ ಹೆಸರಿನಲ್ಲೇ ಅತಿಥಿ.

ಕೋರ್ಟು ಈ ಗೋಡೆಯನ್ನು ಸ್ವಲ್ಪ ಸ್ವಲ್ಪವೇ ಕೆಡವುತ್ತಿದೆ. ದಿನಗೂಲಿ ಹೆಣ್ಣುಮಕ್ಕಳಿಗೂ ಹೆರಿಗೆ ಸೌಲಭ್ಯ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿತು. 2023ರಲ್ಲಿ ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ, ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಅಲ್ಲಿಗೇ ನಿಲ್ಲುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಇದು ನಮ್ಮಂಥವರಿಗೆ ದೊಡ್ಡ ಬಲ. ಆದರೆ ಮುಂದಿನ ವರ್ಷ ಅದೇ ಕಾಲೇಜಿಗೆ ಮತ್ತೆ ಕೌನ್ಸೆಲಿಂಗ್‌ನಲ್ಲಿ ಬರಬೇಕಾದವಳು ಬಾಣಂತನದಲ್ಲಿ ಕೇಸು ಹಾಕುತ್ತಾಳಾ? ನಾನು ಹಾಕಲಿಲ್ಲ.

ಇನ್ನೊಂದು ಲೆಕ್ಕ ವಯಸ್ಸಿನದು. ಎಂಎ ಮುಗಿಯುವಾಗ 23. ಬಿಎಡ್ಡೋ ಕೆಲಸವೋ ಅಂತ ಎರಡು ಮೂರು ವರ್ಷ, ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ಕೆ-ಸೆಟ್ ಪಾಸು ಮಾಡಲು ಇನ್ನೆರಡು, ಪಿಎಚ್‌ಡಿ ನೋಂದಣಿ ಹೊತ್ತಿಗೆ 28. ಅಲ್ಲಿಂದ ಆರು ವರ್ಷ ಅಂದರೆ 34. ಹೆರಿಗೆಯ ವರ್ಷಗಳೂ ಅವೇ. ಜೆಆರ್‌ಎಫ್‌ಗೆ 30ರ ವಯೋಮಿತಿ ಇದೆ, ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ, ಸರಿ. ನೇಮಕಾತಿಯ ಕಥೆ ಬೇರೆ. ನಮ್ಮಲ್ಲಿ ಅದು ಹಬ್ಬದ ಥರ ವರ್ಷ ವರ್ಷ ಬರುವುದಿಲ್ಲ. 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಕರೆದಾಗ ನನ್ನ ಮಗಳು ಇನ್ನೂ ಅಂಗಿ ಚುಂಗು ಬಿಡುತ್ತಿರಲಿಲ್ಲ. ಮಾರನೇ ವರ್ಷ ಪರೀಕ್ಷೆ. ಓದಿದ್ದು ಅವಳು ಮಲಗಿದ ಮೇಲೆ. ಬರೆದೆ, ಆಗಲಿಲ್ಲ. ಅವಳಿಗೆ ಆರು ವರ್ಷ ಆದಾಗ ಆ ಪರೀಕ್ಷೆ ಬಂದಿದ್ದರೆ ಆಗುತ್ತಿತ್ತೇನೋ. ಹೀಗೆ ತಪ್ಪಿದ ಒಂದು ಪರೀಕ್ಷೆ ನಮ್ಮ ಕ್ಷೇತ್ರದಲ್ಲಿ ಎಷ್ಟೋ ವರ್ಷಗಳನ್ನು ತೆಗೆದುಕೊಂಡು ಹೋಗುತ್ತದೆ.

ದೇಶದ ಚಿತ್ರದಲ್ಲೂ ಇದು ಕಾಣುತ್ತದೆ. ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021–22ರಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು 2.12 ಲಕ್ಷ, ಅದರಲ್ಲಿ ಮಹಿಳೆಯರು 0.99 ಲಕ್ಷ. ಹತ್ತಿರ ಹತ್ತಿರ ಅರ್ಧ. ಅದೇ ವರ್ಷ ಅಧ್ಯಾಪಕರಲ್ಲಿ 100 ಗಂಡಸರಿಗೆ 77 ಹೆಂಗಸರು. ಹಳೆಯ ತಲೆಮಾರಿನ ನೇಮಕಾತಿಯೂ ಈ ಅಂತರದಲ್ಲಿ ಸೇರಿದೆ, ಎಲ್ಲವನ್ನೂ ಮಗುವಿನ ತಲೆಗೆ ಕಟ್ಟಲು ಆಗುವುದಿಲ್ಲ. ಆದರೆ ಮನೆಯೊಳಗಿನ ಲೆಕ್ಕವನ್ನೂ ಪಕ್ಕಕ್ಕೆ ಇಟ್ಟು ನೋಡಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ದಿನದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದೆವು ಅಂದ ಮಹಿಳೆಯರು ಶೇ 81.2, ಗಂಡಸರು ಶೇ 26.1. ಮಾಡುವವರ ಪೈಕಿ ಮಹಿಳೆಯರ ಸರಾಸರಿ ದಿನಕ್ಕೆ 299 ನಿಮಿಷ, ಗಂಡಸರದ್ದು 97. ಸುಮಾರು ಐದು ಗಂಟೆ! ತಾಳೆಗರಿಯ ಎದುರು ನನಗೆ ಬೇಕಾಗಿದ್ದದ್ದು ಅಷ್ಟೇ ಇಡಿಯಾದ ಹೊತ್ತು.

ಬೇರೆ ಕಡೆ ಏನು ಮಾಡಿದ್ದಾರೆ? ಯುರೋಪಿಯನ್ ಸಂಶೋಧನಾ ಮಂಡಳಿಯ ಅನುದಾನಕ್ಕೆ ಪಿಎಚ್‌ಡಿ ಆಗಿ ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಇದೆ, ಆದರೆ ತಾಯಂದಿರಿಗೆ ಪ್ರತಿ ಮಗುವಿಗೆ 18 ತಿಂಗಳು ಸೇರಿಸಿ ಎಣಿಸುವ ಪದ್ಧತಿ ಇಟ್ಟುಕೊಂಡರು. ಎಷ್ಟು ದಿನ ರಜೆ ಹಾಕಿದೆ, ಯಾರ ನೌಕರಳಾಗಿದ್ದೆ ಅಂತ ಕೇಳದೆ, ಮಗು ಇದೆ ಅಂದರೆ ಸಾಕು. ನನಗೆ ಇಷ್ಟವಾದದ್ದು ಇದೇ.

ಅಮೆರಿಕದ ಅನುಭವ ಮಾತ್ರ ಎಚ್ಚರಿಕೆ ಹೇಳುತ್ತದೆ. ಅಲ್ಲಿ ಅಧ್ಯಾಪಕರು ಕೆಲವು ವರ್ಷದೊಳಗೆ ಸಾಧನೆ ತೋರಿಸಿ ಕಾಯಂ ಆಗಬೇಕು. ಮಗುವಾದರೆ ಒಂದು ವರ್ಷ ಗಡುವು ಮುಂದೆ ಹಾಕುವ ಸೌಲಭ್ಯವನ್ನು ಹಲವು ವಿಶ್ವವಿದ್ಯಾಲಯಗಳು ಅಪ್ಪ ಅಮ್ಮ ಇಬ್ಬರಿಗೂ ಕೊಟ್ಟವು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಲ್ಲಿನ ಪ್ರಮುಖ ಅರ್ಥಶಾಸ್ತ್ರ ವಿಭಾಗಗಳನ್ನು ನೋಡಿತು. ಈ ಸೌಲಭ್ಯ ಬಂದ ಮೇಲೆ ಮೊದಲ ಕೆಲಸದಲ್ಲೇ ಕಾಯಂ ಆಗುವ ಗಂಡಸರ ಪ್ರಮಾಣ ಏರಿತು, ಹೆಂಗಸರದ್ದು ಇಳಿಯಿತು. ಹೆಚ್ಚುವರಿ ವರ್ಷದಲ್ಲಿ ಗಂಡಸರು ದೊಡ್ಡ ಪತ್ರಿಕೆಗಳಲ್ಲಿ ಹೆಚ್ಚು ಲೇಖನ ಪ್ರಕಟಿಸಿದ್ದರು. ಅರ್ಥ ಸ್ಪಷ್ಟ. ಮಗುವನ್ನು ನೋಡಿಕೊಳ್ಳುವವರು ಯಾರು ಅನ್ನುವುದು ಬದಲಾಗದೆ ಗಡುವು ಮಾತ್ರ ಬದಲಾದರೆ, ಸಿಕ್ಕ ವರ್ಷ ಒಬ್ಬರಿಗೆ ಬರೆಯುವ ವರ್ಷ, ಇನ್ನೊಬ್ಬರಿಗೆ ನಿದ್ದೆಗೆಡುವ ವರ್ಷ.

ಹಾಗಂತ ಅಪ್ಪಂದಿರನ್ನು ಹೊರಗಿಡಿ ಅಂತ ನಾನು ಹೇಳುತ್ತಿಲ್ಲ. ದಾಸಸಾಹಿತ್ಯದ ಮೇಲೆ ಕೆಲಸ ಮಾಡುವ ಗೆಳೆಯನೊಬ್ಬನ ಹೆಂಡತಿಗೆ ಬೇರೆ ಜಿಲ್ಲೆಗೆ ಪೋಸ್ಟಿಂಗ್ ಆಯಿತು. ಎರಡು ವರ್ಷದ ಮಗನನ್ನು ಅವನೇ ನೋಡಿಕೊಂಡ. ಆರು ತಿಂಗಳ ಪ್ರಗತಿ ವರದಿ ತಡವಾದಾಗ ಕಾರಣ ಹೇಳಿದ. ಕಮಿಟಿಯಲ್ಲಿ ಒಬ್ಬರು "ಯಾಕಪ್ಪಾ, ಮನೇಲಿ ಹೆಂಗಸರು ಯಾರೂ ಇಲ್ವಾ?" ಅಂದರಂತೆ. ಕಾಯಂ ಅಧ್ಯಾಪಕನಿಗೆ 15 ದಿನ ಪಿತೃತ್ವ ರಜೆಯಾದರೂ ಇದೆ. ಸಂಶೋಧಕ ಅಪ್ಪನಿಗೆ ಪಿಎಚ್‌ಡಿ ನಿಯಮದಲ್ಲಿ ಒಂದು ಸಾಲೂ ಇಲ್ಲ. ಇದ್ದಿದ್ದರೆ ಅವನ ಹಾಗೆ ಇನ್ನೂ ನಾಲ್ಕು ಜನ ಮುಂದೆ ಬರುತ್ತಿದ್ದರು ಅಂತ ನನ್ನ ನಂಬಿಕೆ.

ಈಗ ಸ್ವಲ್ಪ ಬೇರೆ ಮಾತು. ಮಗು ಓದಿನಿಂದ ಕಿತ್ತುಕೊಂಡದ್ದನ್ನೇ ಹೇಳುತ್ತಾ ಹೋದರೆ ಸುಳ್ಳಾಗುತ್ತದೆ. ಕೊಟ್ಟದ್ದೂ ಇದೆ. ಪುರಂದರದಾಸರ ಗುಮ್ಮನ ಪದ ಎಲ್ಲರಿಗೂ ಗೊತ್ತು. ಗುಮ್ಮನನ್ನು ಕರೆಯಬೇಡಮ್ಮ, ಸುಮ್ಮನೆ ಇರುತ್ತೇನೆ, ಅಮ್ಮಿ (ಎದೆಹಾಲು) ಬೇಡುವುದಿಲ್ಲ, ಮಮ್ಮು (ಅನ್ನ) ಉಣ್ಣುತ್ತೇನೆ, ಅಳುವುದಿಲ್ಲ ಅಂತ ಕೃಷ್ಣ ಗೋಗರೆಯುವ ಪದ. ಎಂಎ ಓದುವಾಗ ಇದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 'ವಾತ್ಸಲ್ಯ ಭಾವ' ಅಂತ ಬರೆದು ಪುಟ ಮಗುಚಿದ್ದೆ. ಮಗಳಿಗೆ ಎದೆಹಾಲು ಬಿಡಿಸುವ ದಿನಗಳಲ್ಲಿ ಒಂದು ರಾತ್ರಿ ಅದೇ ಪದ ಹಾಡುತ್ತಿದ್ದೆ. ಅಮ್ಮಿ ಅನ್ನುವ ಪದದ ಹತ್ತಿರ ನಿಂತುಬಿಟ್ಟೆ. ಅಮ್ಮಿ ಬಿಟ್ಟು ಮಮ್ಮು ಉಣ್ಣುತ್ತೇನೆ ಅಂತ ಮಗು ಅಲ್ಲಿ ಕರಾರು ಮಾಡಿಕೊಳ್ಳುತ್ತಿದೆ. ಹಾಲು ಬಿಡಿಸುವಾಗ ಮಗು ಏನು ಕಳೆದುಕೊಳ್ಳುತ್ತದೆ, ತಾಯಿ ಯಾವ ಭಯ ತೋರಿಸುತ್ತಾಳೆ, ಇದನ್ನು ಹದಿನಾರನೇ ಶತಮಾನದ ಪದ ಎರಡೇ ಸಾಲಿನಲ್ಲಿ ಹಿಡಿದಿದೆ. ನನ್ನ ಪ್ರಬಂಧದಲ್ಲಿ ಗೈಡ್‌ಗೆ ತುಂಬ ಹಿಡಿಸಿದ ಭಾಗ ಇದರಿಂದಲೇ ಹುಟ್ಟಿತು.

ಹಳೆಯ ಸಾಹಿತ್ಯ ಚರಿತ್ರೆಯನ್ನೂ ಆಮೇಲೆ ಬೇರೆ ಕಣ್ಣಿನಿಂದ ನೋಡಿದೆ. ಹೆಳವನಕಟ್ಟೆ ಗಿರಿಯಮ್ಮ ಗಂಡನಿಗೆ ಇನ್ನೊಂದು ಮದುವೆ ಮಾಡಿಸಿ, ತಾನು ಸಂಸಾರದಿಂದ ದೂರ ಉಳಿದು ಹಾಡು ಕಟ್ಟಿದಳು ಅಂತ ಪ್ರತೀತಿ. ಬರೆಯುವ ಹೆಣ್ಣು ಅಂದರೆ ಸಂಸಾರ ಬಿಟ್ಟವಳು ಅನ್ನುವುದು ನಮ್ಮ ನೆನಪಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಅರಮನೆಯ ಊಳಿಗ ಮಾಡುತ್ತಲೇ ಬರೆದ ಹೊನ್ನಮ್ಮ ಅದಕ್ಕೇ ನನಗೆ ಮುಖ್ಯ. ಹೆತ್ತವಳೂ ಪೊರೆದವಳೂ ಹೆಣ್ಣಲ್ಲವೇ ಅನ್ನುವ ಅವಳ ಪದ್ಯವನ್ನು ಮಹಿಳಾ ದಿನದ ಭಾಷಣಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಅದೇ ವೇದಿಕೆಯ ಕಟ್ಟಡದಲ್ಲಿ ಮಗುವನ್ನು ಮಲಗಿಸಲು ಒಂದು ಕೋಣೆ ಇಲ್ಲದಿರುವುದು ನೋವಿನ ಸಂಗತಿ.

ಏನು ಮಾಡಬಹುದು? ಕೋಣೆಯಿಂದಲೇ ಶುರು ಮಾಡೋಣ. ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ನಮ್ಮದೇ ರಾಜ್ಯ 'ಕೂಸಿನ ಮನೆ' ನಡೆಸುತ್ತಿದೆ, 2023–24ರ ಬಜೆಟ್ಟಿನಲ್ಲಿ ಘೋಷಿಸಿದ ಯೋಜನೆ ಅದು. ಹಳ್ಳಿಯಲ್ಲಿ ಆಗುವುದು ವಿಶ್ವವಿದ್ಯಾಲಯದ ಆವರಣದಲ್ಲಿ ಯಾಕೆ ಆಗಬಾರದು? ಅದು ಅಧ್ಯಾಪಕರ ಮಕ್ಕಳಿಗೆ ಮಾತ್ರ ಅಂತ ಇರಬಾರದು, ಸಂಶೋಧನಾ ವಿದ್ಯಾರ್ಥಿಗಳಿಗೂ ಕಸ ಗುಡಿಸಲು ಬರುವವರಿಗೂ ತೆರೆದಿರಬೇಕು. ಎರಡನೆಯದು ಹಸ್ತಪ್ರತಿಗಳ ಸ್ಕ್ಯಾನ್. ಮೂಲವನ್ನು ಮುಟ್ಟಿ ನೋಡುವ ಅಗತ್ಯ ಇದ್ದೇ ಇರುತ್ತದೆ, ಆದರೆ ಮೊದಲ ಓದನ್ನು ಮನೆಯಲ್ಲೇ ಮಾಡಬಹುದು. ನಾಲ್ಕೂವರೆಗೆ ಎದ್ದದ್ದಕ್ಕೆ ಆಗ ಅರ್ಥ ಬರುತ್ತದೆ. ಫೆಲೋಶಿಪ್ಪಿನ ಹಣವೂ ಗಡುವಿನ ಜೊತೆ ಹಿಗ್ಗಬೇಕು. ಅತಿಥಿ ಉಪನ್ಯಾಸಕಿಗೆ ಹೆರಿಗೆ ಆದ ವರ್ಷ ಕೌನ್ಸೆಲಿಂಗ್‌ನಲ್ಲಿ ಅವಳ ಜಾಗ ಹಾಗೇ ಕಾದಿಟ್ಟರೆ ಸರ್ಕಾರಕ್ಕೆ ಖರ್ಚು ಜಾಸ್ತಿ ಏನೂ ಇಲ್ಲ. ವಿಜ್ಞಾನದ ಹೆಣ್ಣುಮಕ್ಕಳು ಬಿಟ್ಟ ಸಂಶೋಧನೆಗೆ ಮರಳಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ವಿಶೇಷ ಯೋಜನೆಗಳನ್ನೇ ನಡೆಸಿಕೊಂಡು ಬಂದಿದೆ. ಸಾಹಿತ್ಯ, ಇತಿಹಾಸ ಓದಿದವರ ಕೈಯಲ್ಲೂ ಹಾಗೆ ಬಿಟ್ಟುಹೋದ ಕೆಲಸ ತುಂಬ ಇದೆ, ಅವರನ್ನೂ ಕರೆಯಬೇಕು.

ನನ್ನ ಪ್ರಬಂಧ 2025ರಲ್ಲಿ ಸಲ್ಲಿಕೆಯಾಯಿತು. ಪ್ರಬಂಧ ಮಂಡನೆಯ ಕೊಲೋಕಿಯಂ ದಿನ ಅಜ್ಜಿಯ ಹಳೇ ಎಲೆಅಡಿಕೆ ಸಂಚಿಯನ್ನು ಎಲ್ಲರಿಗೂ ತೋರಿಸೋಣ ಅಂತ ಹುಡುಕಿದೆ, ಸಿಗಲಿಲ್ಲ. ಸಂಜೆ ನೋಡಿದರೆ ಮಗಳ ಶಾಲೆ ಬ್ಯಾಗಿನೊಳಗಿತ್ತು. ಸುಣ್ಣದ ಡಬ್ಬಿ ಇಡುವ ಖಾನೆಯಲ್ಲಿ ರಬ್ಬರು, ಅಡಿಕೆಯ ಖಾನೆಯಲ್ಲಿ ತುಂಡು ಪೆನ್ಸಿಲ್‌ಗಳು.

ಅವಳೀಗ ಒಂದನೇ ಕ್ಲಾಸು. ಶಾಲೆ ಬಿಡುವುದು ಮೂರೂವರೆಗೆ. ಬಸ್ಸು, ಚೀಟಿ, ಸಹಿ ಎಲ್ಲ ಕಳೆದರೂ ನಾಲ್ಕು ಗಂಟೆ ಇಡಿಯಾಗಿ ಸಿಗುತ್ತದೆ. ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆಯ ಲಾಲಿಪದಗಳನ್ನು ಹಿಡಿದಿದ್ದೇನೆ. ಬುಧವಾರ ಮೊದಲ ಕಟ್ಟು ಬಿಚ್ಚಬೇಕು.